ಹಳೇ ಸಿಟಿ ವಿಟೆಕ್‌ನ ಬಿಸಿ ಇಳಿಸಿದ ಕೆಲಸ: ಹತ್ತು ತಿಂಗಳ ಲೆಕ್ಕ

ನನ್ನದು 2002ರ ಹೋಂಡಾ ಸಿಟಿ, 1.5 ವಿಟೆಕ್. ಓಎಚ್‌ಸಿ ವಿಟೆಕ್ ಅಂದರೆ ಕಾರಿನ ಹುಚ್ಚಿರುವವರಿಗೆ ತಕ್ಷಣ ಗೊತ್ತಾಗುತ್ತದೆ; ಎಂಜಿನ್ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವುದನ್ನು ಬದಲಿಸುವ ಹೋಂಡಾ ವ್ಯವಸ್ಥೆ ಅದು. 1493 ಸಿಸಿ, ಹೊಸದರಲ್ಲಿ 106 ಬಿಎಚ್‌ಪಿ, ಟರ್ಬೋ ಇಲ್ಲ. "ಇಷ್ಟು ಸಣ್ಣ ಎಂಜಿನ್‌ಗೆ ಆಯಿಲ್ ಕೂಲರ್ ಯಾಕೆ?" ಅಂತ ತುಂಬ ಜನ ಕೇಳಿದರು. ಎಂಜಿನ್ ಆಯಿಲನ್ನು ತಂಪು ಮಾಡುವ ಸಣ್ಣ ರೇಡಿಯೇಟರ್ ಅದು. ಊರೊಳಗೆ ಓಡಿಸುವುದಾದರೆ ಖಂಡಿತ ಬೇಡ. ಆದರೆ ಟ್ರ್ಯಾಕ್‌ನಲ್ಲಿ ಇಪ್ಪತ್ತು ನಿಮಿಷ 6 ಸಾವಿರ ಆರ್‌ಪಿಎಂ ಮೇಲೆ ಇಟ್ಟರೆ ಮೂರೂವರೆ ಲೀಟರ್ ಆಸುಪಾಸಿನ ಆಯಿಲ್ ಎಷ್ಟು ಬಿಸಿಯಾಗುತ್ತದೆ ಅಂತ ಅಳೆದ ಮೇಲೆ ನನಗೆ ನಿದ್ದೆ ಬರಲಿಲ್ಲ. ಈ ಕಾರು ನಮ್ಮ ತಂದೆ ಕೊಂಡಿದ್ದು. ಎಂಜಿನ್ ಸೀಜ್ ಆಗಲು, ಅಂದರೆ ಒಳಗೆ ಕಚ್ಚಿಕೊಂಡು ನಿಲ್ಲಲು, ನಾನು ಬಿಡುವುದಿಲ್ಲ.

ಮೈಸೂರಿನಲ್ಲಿ ಮನೆಯ ಮುಂದಿನ ಜಾಗದಲ್ಲೇ ಹೆಚ್ಚಿನ ಕೆಲಸ ಮಾಡಿದೆ. ಲೇತ್, ವೆಲ್ಡಿಂಗ್ ಮಾತ್ರ ಹೊರಗೆ. ಎಲ್ಲ ಅಳತೆಗಳೂ ಈ ಒಂದು ಕಾರಿನವು, ನನ್ನ ಮೀಟರ್‌ಗಳವು.

ಜನವರಿ 28, 2024. ಮೊದಲ ಎಚ್ಚರಿಕೆ

ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ರೇಸರ್ ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್. ಸುತ್ತು ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉದ್ದದ ನೇರ ದಾರಿ ಕಮ್ಮಿ, ತಿರುವು ಜಾಸ್ತಿ. ಅಂದರೆ ವೇಗದ ಗಾಳಿ ಕಮ್ಮಿ, ಎಂಜಿನ್‌ಗೆ ದುಡಿತ ಜಾಸ್ತಿ.

ಏಳನೇ ಸುತ್ತಿನಲ್ಲಿ ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಮುಕ್ಕಾಲಿಗೆ ಬಂತು. ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದು ಎಂಜಿನ್ ತಕ್ಷಣ ಆಫ್ ಮಾಡಿದೆ. ಅದು ಮೊದಲ ತಪ್ಪು. ನೀರು ಓಡುವುದು ನಿಂತರೆ ಎಂಜಿನ್‌ನ ಮೇಲ್ಭಾಗದ ಹೆಡ್‌ನಲ್ಲಿರುವ ಬಿಸಿ ಅಲ್ಲೇ ಕೂರುತ್ತದೆ. ಮುಳ್ಳು ಇನ್ನೂ ಮೇಲಕ್ಕೆ ಹೋಯಿತು. ಐದು ನಿಮಿಷ ಕಾದು, ಒದ್ದೆ ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ಅದು ಎರಡನೇ ತಪ್ಪು, ದೊಡ್ಡ ತಪ್ಪು. ಕುದಿಯುವ ನೀರು ಬಟ್ಟೆಯ ಪಕ್ಕದಿಂದ ಚಿಮ್ಮಿ ಮಣಿಕಟ್ಟು ಸುಟ್ಟಿತು. ಹದಿನೈದು ದಿನ ಗಾಯ ಇತ್ತು. ಮುಚ್ಚಳಕ್ಕೆ ಈಗ ಮುಕ್ಕಾಲು ಗಂಟೆಗಿಂತ ಮೊದಲು ಕೈ ಹಾಕುವುದಿಲ್ಲ, ಮೇಲಿನ ಹೋಸ್ ಒತ್ತಿ ಮೆತ್ತಗಿದ್ದರೆ ಮಾತ್ರ ತೆಗೆಯುತ್ತೇನೆ.

ಚಿಮ್ಮಿದ ನೀರು ತುಕ್ಕಿನ ಬಣ್ಣದ್ದು. ಕೂಲೆಂಟ್ (ಎಂಜಿನ್ ತಂಪು ಮಾಡಲು ನೀರಿಗೆ ಬೆರೆಸುವ ದ್ರವ) ಹಸಿರು ಎಲ್ಲೂ ಇರಲಿಲ್ಲ. ವರ್ಷಗಟ್ಟಲೆ ಯಾರೋ ಬೋರ್‌ವೆಲ್ ನೀರನ್ನೇ ತುಂಬಿಸಿದ್ದರು. ಅದನ್ನು ನೋಡದೆ ಟ್ರ್ಯಾಕ್‌ಗೆ ಹೋದದ್ದು ನಾನು.

ಫೆಬ್ರವರಿ 11. ಮೀಟರ್ ಕೂರಿಸಿದ್ದು

ಅಳೆಯದೆ ಏನೂ ಬದಲಿಸಬಾರದು ಅಂತ ತೀರ್ಮಾನ ಮಾಡಿದೆ. ಡ್ಯಾಶ್‌ಬೋರ್ಡಿನ ಮುಳ್ಳು ಅಂದಾಜು ಮಾತ್ರ ಹೇಳುತ್ತದೆ. ಆಯಿಲ್ ಬಗ್ಗೆ ಅದು ಏನೂ ಹೇಳುವುದೇ ಇಲ್ಲ. ಮೂರು ಎಲೆಕ್ಟ್ರಿಕ್ ಮೀಟರ್ ತಂದೆ: ಕೂಲೆಂಟ್ ಬಿಸಿ, ಆಯಿಲ್ ಬಿಸಿ, ಆಯಿಲ್ ಪ್ರೆಶರ್. ಸೆನ್ಸರ್ ಸೇರಿ 6,800 ರೂಪಾಯಿ.

ಕೂಲೆಂಟ್ ಸೆನ್ಸರ್ ಸುಲಭ. ಮೇಲಿನ ಹೋಸ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್, ಎರಡು ಕಡೆ ಕ್ಲ್ಯಾಂಪ್. 550 ರೂಪಾಯಿ. ಒಂದು ಮಾತು: ರಬ್ಬರ್ ನಡುವೆ ಕೂತ ಅಡಾಪ್ಟರ್‌ಗೆ ಅರ್ಥ್ ಸಿಗುವುದಿಲ್ಲ. ಒಂದೇ ವೈರಿನ ಸೆನ್ಸರ್ ಆದರೆ ಅಡಾಪ್ಟರ್ ಮೈಯಿಂದ ಕಾರಿನ ಲೋಹದ ಮೈಗೆ ಬೇರೆ ವೈರ್ ಎಳೆಯಬೇಕು. ನಾನು ಎಳೆದಿರಲಿಲ್ಲ. ಮೀಟರ್ ಅಲುಗಲೇ ಇಲ್ಲ, ಅದು ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಹೊರಟಿದ್ದೆ.

ಆಯಿಲ್ ಬಿಸಿಗೆ ಮೊದಲು ಡ್ರೇನ್ ಬೋಲ್ಟ್ (ಕೆಳಗಿನಿಂದ ಆಯಿಲ್ ಇಳಿಸುವ ಬೋಲ್ಟ್) ಜಾಗದಲ್ಲಿ ಸೆನ್ಸರ್ ಹಾಕಿದೆ. ಎಂ14, 1.5 ಪಿಚ್ ಅಡಾಪ್ಟರ್, 450 ರೂಪಾಯಿ. ಇದು ಕೆಳಗೆ ನೇತಾಡುತ್ತದೆ. ನಮ್ಮ ಬೀದಿಯ ಹಂಪ್ ಎರಡು ಸಲ ವೈರ್ ಕಿತ್ತಿತು. ತಾತ್ಕಾಲಿಕಕ್ಕೆ ಸರಿ, ಶಾಶ್ವತಕ್ಕೆ ಬೇಡ.

ಪ್ರೆಶರ್ ಸೆನ್ಸರ್‌ನಲ್ಲಿ ಎಡವಿದ್ದೇ ಜಾಸ್ತಿ. ಎಂಜಿನ್ ಬ್ಲಾಕ್‌ನಲ್ಲಿರುವ ತೂತು 1/8 ಬಿಎಸ್‌ಪಿಟಿ (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಥ್ರೆಡ್. ನಾನು ತಂದ ಸೆನ್ಸರ್ 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್), ಇಂಚಿಗೆ 27. ಕಣ್ಣಿಗೆ ಎರಡೂ ಒಂದೇ. ಕೈಯಲ್ಲಿ ಎರಡು ಸುತ್ತು ಆರಾಮಾಗಿ ಹೋಯಿತು, ಆಮೇಲೆ ಬಿಗಿಯಾಯಿತು. ಟೆಫ್ಲಾನ್ ಟೇಪ್ ಸುತ್ತಿ ಸ್ಪ್ಯಾನರ್ ಹಾಕಿ ಒತ್ತಿದೆ. ಮನೆ ಮುಂದೆ ಸೋರಲಿಲ್ಲ. ನಂಜನಗೂಡಿನ ದಾರಿಯಲ್ಲಿ ಸುಟ್ಟ ಆಯಿಲ್ ವಾಸನೆ ಬಂತು, ಬಾನೆಟ್ ಎತ್ತಿದರೆ ಬ್ಲಾಕಿನ ಹಿಂಭಾಗ ಪೂರ್ತಿ ಆಯಿಲ್. ಪುಣ್ಯಕ್ಕೆ ಬ್ಲಾಕಿನ ಥ್ರೆಡ್ ಉಳಿದಿತ್ತು. ಲೇತ್ ಅಂಗಡಿಯಲ್ಲಿ ಒಂದು ಕಡೆ ಬಿಎಸ್‌ಪಿಟಿ, ಇನ್ನೊಂದು ಕಡೆ ಎನ್‌ಪಿಟಿ ಇರುವ ಹಿತ್ತಾಳೆ ಅಡಾಪ್ಟರ್ ಮಾಡಿಸಿದೆ, 280 ರೂಪಾಯಿ. ಟೇಪ್ ಬಿಟ್ಟು ಥ್ರೆಡ್ ಸೀಲೆಂಟ್ ಹಚ್ಚಿದೆ. ಟೇಪಿನ ಚೂರು ಆಯಿಲ್ ದಾರಿಗೆ ಬಿದ್ದರೆ ಅದು ಎಲ್ಲಿಗೆ ಹೋಗಿ ಕೂರುತ್ತದೋ ಹೇಳಲಾಗದು. ಜಪಾನಿ ಕಾರು ಇರುವವರು ಈ ಒಂದು ವಿಷಯ ನೆನಪಿಡಿ ಸಾಕು.

ಫೆಬ್ರವರಿ 25. ಇದ್ದಂತೆಯೇ ಅಳತೆ

ಮತ್ತೆ ಕರಿ. ಹಳೇ ನೀರು ತೆಗೆದು ಒಳಗೆ ತೊಳೆದು, ಅರ್ಧ ಕೂಲೆಂಟ್ ಅರ್ಧ ನೀರು ತುಂಬಿಸಿದ್ದೆ, ಮುಚ್ಚಳ ಹೊಸದು, 1.1 ಬಾರ್ ಒತ್ತಡದ್ದು. ಬೇರೆ ಏನೂ ಮುಟ್ಟಿರಲಿಲ್ಲ. ನೆರಳಲ್ಲಿ 33 ಡಿಗ್ರಿ.

8 ಸುತ್ತು ಆದಾಗ ಕೂಲೆಂಟ್ 112, ಆಯಿಲ್ 139. ಇನ್ನೂ ಏರುತ್ತಲೇ ಇತ್ತು, ನಾನೇ ನಿಲ್ಲಿಸಿದೆ. ಪಿಟ್‌ನಲ್ಲಿ 3 ಸಾವಿರ ಆರ್‌ಪಿಎಂಗೆ ಪ್ರೆಶರ್ 2.3 ಬಾರ್. ಹೋಂಡಾ ಡಿ ಸರಣಿ (ನನ್ನದೂ ಅದೇ) ಎಂಜಿನ್‌ಗಳ ಕೈಪಿಡಿ 80 ಡಿಗ್ರಿಯಲ್ಲಿ, 3 ಸಾವಿರಕ್ಕೆ ಕನಿಷ್ಠ ಸುಮಾರು 3.4 ಬಾರ್ ಕೇಳುತ್ತದೆ. ನನ್ನ ಎಂಜಿನ್ 80 ಡಿಗ್ರಿಯಲ್ಲಿ 4 ಬಾರ್ ಕೊಡುತ್ತದೆ, ಪಂಪ್ ಚೆನ್ನಾಗಿದೆ. ಬಿಸಿಗೆ ಆಯಿಲ್ ನೀರಿನ ಹಾಗೆ ತೆಳ್ಳಗಾಗಿತ್ತು, ಅಷ್ಟೇ. ಆಗ ಒಳಗಿದ್ದದ್ದು 10ಡಬ್ಲ್ಯೂ-30; ಕೊನೆಯ ಅಂಕಿ ಜಾಸ್ತಿಯಾದಷ್ಟೂ ಬಿಸಿಯಲ್ಲಿ ಆಯಿಲ್ ದಪ್ಪ.

ಡ್ಯಾಶ್ ಮುಳ್ಳು ಆಗ ಎಲ್ಲಿತ್ತು ಗೊತ್ತಾ? ಮಧ್ಯಕ್ಕಿಂತ ಒಂದು ಗೆರೆ ಮೇಲೆ.

ಪ್ರತಿ ಸಲ ಕೊಯಮತ್ತೂರಿಗೆ ಹೋಗಲು ಆಗುವುದಿಲ್ಲ. ಹಾಗಾಗಿ ಮನೆಯ ಹತ್ತಿರ ಒಂದು ಪರೀಕ್ಷೆ ಇಟ್ಟುಕೊಂಡೆ: ಬೆಳಗ್ಗೆ ಚಾಮುಂಡಿ ಬೆಟ್ಟ, ಎರಡನೇ ಗೇರ್, 40 ಕಿಲೋಮೀಟರ್ ವೇಗ, ಏಸಿ ಆನ್. ವೇಗ ಕಮ್ಮಿ ಇರುವುದರಿಂದ ಯಾರಿಗೂ ತೊಂದರೆ ಇಲ್ಲ, ರೇಡಿಯೇಟರ್‌ಗೆ ಮಾತ್ರ ಪರೀಕ್ಷೆ. ತುದಿಗೆ ಬರುವಾಗ ಕೂಲೆಂಟ್ 103.

ಮಾರ್ಚ್ 10. ಥರ್ಮೋಸ್ಟಾಟ್ ತೆಗೆದು ಕೆಟ್ಟದ್ದು

"ಸಾರ್, ಆ ವಾಲ್ವ್ ತೆಗೆದುಬಿಡಿ. ನಮ್ಮ ಊರಿನ ಬಿಸಿಲಿಗೆ ಅದು ಬೇಕಾಗೇ ಇಲ್ಲ." ನಾನು ಮೊದಲಿಂದ ನಂಬಿದ ಮೆಕ್ಯಾನಿಕ್ ಅಣ್ಣನ ಮಾತು. ವಾಲ್ವ್ ಅಂದರೆ ಥರ್ಮೋಸ್ಟಾಟ್, ನೀರು ಬಿಸಿಯಾಗುವವರೆಗೆ ರೇಡಿಯೇಟರ್ ಕಡೆಗೆ ಬಿಡದೆ ತಡೆಯುವುದು. ನಿಮ್ಮ ಮೆಕ್ಯಾನಿಕ್ ಕೂಡ ಹೇಳಿರುತ್ತಾರೆ ಅಲ್ವಾ? ತೆಗೆದೆ.

ರಿಂಗ್ ರೋಡ್‌ನಲ್ಲಿ ಕೂಲೆಂಟ್ 62 ದಾಟಲಿಲ್ಲ. ಆಯಿಲ್ 80 ಮುಟ್ಟಲು ಹತ್ತೊಂಬತ್ತು ನಿಮಿಷ. ಐಡಲ್ ಏರುಪೇರು, ಪೆಟ್ರೋಲ್ ಕುಡಿಯುವುದು ಜಾಸ್ತಿ. ಸರಿ, ಬೆಟ್ಟದ ಮೇಲಾದರೂ ಲಾಭ ಇದೆಯಾ ಅಂತ ಹೋದರೆ ತುದಿಯಲ್ಲಿ 101. ಎರಡೇ ಡಿಗ್ರಿ. ಥರ್ಮೋಸ್ಟಾಟ್ ಎಂಜಿನ್‌ನ ಕೆಳಮಿತಿ ಕಾಯುತ್ತದೆ. ಅದು ಪೂರ್ತಿ ತೆರೆದ ಮೇಲೆ ಉಳಿದದ್ದು ರೇಡಿಯೇಟರ್ ಮತ್ತು ಗಾಳಿಯ ಕೆಲಸ. 78 ಡಿಗ್ರಿಗೆ ತೆರೆಯುವ ಹೊಸದನ್ನು ಗ್ಯಾಸ್ಕೆಟ್ ಸಮೇತ ತಂದು ಹಾಕಿದೆ, 1,100. ಅಣ್ಣನಿಗೆ ಬರೆದಿಟ್ಟ ಅಂಕಿಗಳನ್ನು ತೋರಿಸಿದೆ. ಅವರು ಎರಡು ಸಲ ಓದಿ, "ಇದನ್ನ ನಮ್ಮ ಹುಡುಗರಿಗೂ ತೋರಿಸ್ತೀನಿ, ಕೊಡಿ ಸಾರ್" ಅಂದರು. ಆ ಕಾಗದ ಈಗ ಅವರ ಗ್ಯಾರೇಜಿನ ಗೋಡೆಯಲ್ಲಿದೆ.

ಮಾರ್ಚ್ 24. ರೇಡಿಯೇಟರ್

ಹಳೆಯದನ್ನು ಬಿಚ್ಚಿ ಕವುಚಿ ಹಾಕಿದೆ. ಕೆಳಗಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿತ್ತು, ಟಾರ್ಚ್ ಬಿಟ್ಟರೆ ಬೆಳಕು ಆ ಕಡೆ ಬರಲಿಲ್ಲ. ಬೋರ್ ನೀರಿನ ಫಲ. ಎರಡು ಸಾಲಿನ ಅಲ್ಯೂಮಿನಿಯಂ ರೇಡಿಯೇಟರ್ ತರಿಸಿದೆ, 12,500. ಇದಕ್ಕಿಂತ ದೊಡ್ಡ ಖರ್ಚು ಈ ಕೆಲಸದಲ್ಲಿ ಇಲ್ಲ.

ತುಂಬಿಸುವಾಗ ಗಾಳಿ ಸಿಕ್ಕಿಕೊಂಡಿತು. ಕೂಲೆಂಟ್ ಮೀಟರ್ 70ರಿಂದ ಒಮ್ಮೆಲೇ 98ಕ್ಕೆ ಹಾರುವುದು, ಮತ್ತೆ ಬೀಳುವುದು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ನೀರು ತುಂಬಿಸಿದ ಮೇಲೆ ಹೀಟರ್ ತಣ್ಣಗಿದ್ದರೆ ಹೆಚ್ಚಾಗಿ ಒಳಗೆ ಗಾಳಿ ಇದೆ ಅಂತ ಅರ್ಥ. ಕಾರಿನ ಮೂತಿಯನ್ನು ಇಳಿಜಾರಿನ ಮೇಲ್ಮುಖಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದು ತಣ್ಣನೆ ಎಂಜಿನ್‌ನಿಂದ ಶುರು ಮಾಡಿದೆ. ಗುಳ್ಳೆ ನಿಲ್ಲಲು ಇಪ್ಪತ್ತೈದು ನಿಮಿಷ ಬೇಕಾಯಿತು. ಆ ಹೊತ್ತಲ್ಲಿ ಇನ್ನೂ 700 ಎಂಎಲ್ ಒಳಗೆ ಹೋಯಿತು.

ಬೆಟ್ಟದ ತುದಿಯಲ್ಲಿ 99. ಹನ್ನೆರಡೂವರೆ ಸಾವಿರಕ್ಕೆ ನಾಲ್ಕು ಡಿಗ್ರಿ. ಆ ಸಂಜೆ ತುಂಬ ಬೇಜಾರಾಯಿತು.

ಏಪ್ರಿಲ್ 7. 740 ರೂಪಾಯಿಯ ಕೆಲಸ

ಬಂಪರ್ ಬಿಚ್ಚಿಟ್ಟು ಎದುರಿಗೆ ಕೂತು ಸುಮ್ನೆ ನೋಡಿದೆ. ಊದುಬತ್ತಿ ಹಚ್ಚಿ, ಫ್ಯಾನ್ ಓಡಿಸಿ, ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆ. ರೇಡಿಯೇಟರ್ ಎದುರು ಹಿಡಿದ ಹೊಗೆ ಅರ್ಧ ಒಳಗೆ ಹೋಗುತ್ತದೆ, ಅರ್ಧ ಪಕ್ಕದ ಸಂದಿಯಿಂದ ನುಸುಳುತ್ತದೆ. ಹೊಸ ರೇಡಿಯೇಟರ್ ಹಳೆಯದಕ್ಕಿಂತ ದಪ್ಪ, ಆದರೆ ಎಡಗಡೆ 45 ಎಂಎಂ, ಮೇಲೆ 30 ಎಂಎಂ ಸಂದಿ ಬಿಟ್ಟಿತ್ತು. ಗಾಳಿ ಸುಲಭದ ದಾರಿ ಇದ್ದರೆ ಕಷ್ಟದ ದಾರಿಯಲ್ಲಿ ಯಾಕೆ ಹೋಗುತ್ತದೆ? ಬಂಪರ್ ಬಾಯಿಂದ ಬಂದದ್ದು ಪಕ್ಕದಲ್ಲೇ ಜಾರುತ್ತಿತ್ತು. ಇನ್ನೂ ಕೆಟ್ಟದ್ದು ಏನೆಂದರೆ, ಕಾರು ನಿಂತಾಗ ಎಂಜಿನ್ ಕಡೆಯ ಬಿಸಿ ಗಾಳಿ ಅದೇ ಸಂದಿಯಿಂದ ಮುಂದಕ್ಕೆ ಬಂದು ಮತ್ತೆ ರೇಡಿಯೇಟರ್ ಒಳಗೆ ಹೋಗುತ್ತಿತ್ತು.

ಮೊದಲು ಕಾರ್ಡ್‌ಬೋರ್ಡ್‌ನಲ್ಲಿ ಅಚ್ಚು ಕತ್ತರಿಸಿದೆ. ಆಮೇಲೆ 1 ಎಂಎಂ ಅಲ್ಯೂಮಿನಿಯಂ ಶೀಟ್, ತಗಡು ಕತ್ತರಿಸುವ ಕತ್ತರಿ, ಪಾಪ್ ರಿವೆಟ್. ಎಡ, ಬಲ, ಮೇಲೆ ಮೂರು ತುಂಡು. ಶೀಟ್ ರೇಡಿಯೇಟರ್‌ಗೆ ತಾಗುವ ಕಡೆ 20 ಎಂಎಂ ಫೋಮ್ ಪಟ್ಟಿ. ಕೆಳಗೆ ಹರಿದುಹೋಗಿದ್ದ ಪ್ಲಾಸ್ಟಿಕ್ ಜಾಗಕ್ಕೂ ಒಂದು ಶೀಟ್. ಮೊದಲು ಅಗ್ಗದ ಪ್ಯಾಕಿಂಗ್ ಫೋಮ್ ಹಾಕಿದ್ದೆ, ಒಂದೇ ವಾರದಲ್ಲಿ ಬಿಸಿಗೆ ಕರಗಿ ಅಂಟಾಯಿತು. ಏಸಿ ಡಕ್ಟ್‌ಗೆ ಬಳಸುವ ಕಪ್ಪು ನೈಟ್ರೈಲ್ ಫೋಮ್ ತಂದು ಮತ್ತೆ ಮಾಡಿದೆ. ಎಲ್ಲ ಸೇರಿ 740 ರೂಪಾಯಿ, ಒಂದೂವರೆ ದಿನ.

ಬೆಟ್ಟದ ತುದಿಯಲ್ಲಿ 91. ನಂಬಲಾರದೆ ಇನ್ನೊಂದು ಸಲ ಹೋದೆ. ಮತ್ತೆ 91. ರೇಡಿಯೇಟರ್ ಕೊಟ್ಟದ್ದು ನಾಲ್ಕು ಡಿಗ್ರಿ, ತಗಡು ಮತ್ತು ಫೋಮ್ ಕೊಟ್ಟದ್ದು ಎಂಟು. ಈ ಕೆಲಸ ಮೊದಲು ಮಾಡಿದ್ದರೆ ಹಳೇ ಅಳತೆಯ ಹೊಸ ರೇಡಿಯೇಟರೇ ಸಾಕಾಗುತ್ತಿತ್ತೇನೋ ಅಂತ ಈಗಲೂ ಅನ್ನಿಸುತ್ತದೆ. ಯಾರಾದರೂ ನನ್ನನ್ನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಕಾರ್ಡ್‌ಬೋರ್ಡ್ ಮತ್ತು ಕತ್ತರಿಯಿಂದ ಅಂತಲೇ ಹೇಳುತ್ತೇನೆ.

ಏಪ್ರಿಲ್ 21. ಕರಿ, 37 ಡಿಗ್ರಿ ಬಿಸಿಲು

ಕೂಲೆಂಟ್ 101ಕ್ಕೆ ನಿಂತಿತು. ಏರಲಿಲ್ಲ, ನಿಂತಿತು. ಆಯಿಲ್ 134. ಕೂಲೆಂಟ್ ಹನ್ನೊಂದು ಡಿಗ್ರಿ ಇಳಿದರೂ ಆಯಿಲ್ ಐದೇ ಇಳಿದಿದೆ. ಆಯಿಲ್‌ಗೆ ಬೇರೆ ವ್ಯವಸ್ಥೆಯೇ ಬೇಕು ಅಂತ ಖಾತ್ರಿಯಾಯಿತು.

ಜೊತೆಗಿದ್ದವರು ಬಾನೆಟ್ ಹಿಂಜ್ ಕೆಳಗೆ ವಾಷರ್ ಇಟ್ಟು ಹಿಂಭಾಗ ಎತ್ತಿದರೆ ಬಿಸಿ ಹೊರಗೆ ಹೋಗುತ್ತದೆ ಅಂದರು. 12 ಎಂಎಂ ಎತ್ತಿ ನೋಡಿದೆ. ಕೂಲೆಂಟ್ 103 ಆಯಿತು. ಓಡುವಾಗ ಮುಂಗಾಜಿನ ಬುಡದಲ್ಲಿ ಗಾಳಿ ಒತ್ತಿಕೊಂಡಿರುತ್ತದೆ, ಅದು ಸಂದಿಯಿಂದ ಒಳಗೇ ಬರುತ್ತದೆ. ಕಾರಿನೊಳಗೂ ಬಿಸಿ ವಾಸನೆ. ಊಟದ ಹೊತ್ತಿಗೆ ವಾಷರ್ ತೆಗೆದೆ.

ಮೇ 19 ರಿಂದ ಜೂನ್ 9. ಆಯಿಲ್ ಕೂಲರ್

13 ಸಾಲಿನ ಕೂಲರ್, ಫಿಲ್ಟರ್ ಮತ್ತು ಬ್ಲಾಕ್ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್. ಮೊದಲು ತರಿಸಿದ ಪ್ಲೇಟ್ 1,900 ದಂಡ. ಹೋಂಡಾ ಫಿಲ್ಟರ್ ಥ್ರೆಡ್ ಎಂ20, 1.5 ಪಿಚ್. ಬಂದದ್ದು ಮುಕ್ಕಾಲು ಇಂಚು, 16 ಥ್ರೆಡ್ಡಿನದು. ಇದೂ ಕಣ್ಣಿಗೆ ಗೊತ್ತಾಗದ ವ್ಯತ್ಯಾಸವೇ: ಒಂದು 20 ಎಂಎಂ, ಇನ್ನೊಂದು 19.05. ಫೆಬ್ರವರಿಯಲ್ಲಿ ಪಾಠ ಕಲಿತಿದ್ದರಿಂದ ಈ ಸಲ ವರ್ನಿಯರ್ ಹಿಡಿದು ಅಳೆದೆ, ಸ್ಪ್ಯಾನರ್ ಹಾಕಲಿಲ್ಲ.

ಎರಡನೆಯದು ಸರಿಯಾದ ಥ್ರೆಡ್, ಜೊತೆಗೆ 82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಇರುವುದು. ಕೂಲರ್, ಫಿಟಿಂಗ್ ಸೇರಿ 11,200. ಥರ್ಮೋಸ್ಟಾಟ್ ಇಲ್ಲದ್ದು ಮೂರು ಸಾವಿರ ಅಗ್ಗ. ಬೇಡ. ದಿನವೂ ಓಡಿಸುವ ಕಾರಿನಲ್ಲಿ ಆಯಿಲ್ 60 ಡಿಗ್ರಿಯಲ್ಲೇ ಉಳಿದರೆ ಒಳಗಿನ ನೀರಿನ ಪಸೆ, ಪೆಟ್ರೋಲ್ ಆವಿ ಆರುವುದಿಲ್ಲ. ಆಯಿಲ್ ಬಿಸಿಯ ಸೆನ್ಸರನ್ನು ಡ್ರೇನ್ ಬೋಲ್ಟ್‌ನಿಂದ ತೆಗೆದು ಪ್ಲೇಟಿಗೆ ಕೊಟ್ಟೆ. ಹಂಪ್ ಕಾಟ ಮುಗಿಯಿತು.

ಹೋಸ್‌ಗೆ ಜೆಸಿಬಿ ಪೈಪ್ ಕ್ರಿಂಪ್ ಮಾಡುವ (ತುದಿಗೆ ಲೋಹದ ಫಿಟಿಂಗ್ ಒತ್ತಿ ಕೂರಿಸುವ) ಅಂಗಡಿಗೆ ಹೋದೆ. ಅರ್ಧ ಇಂಚಿನ ಹೈಡ್ರಾಲಿಕ್ ಹೋಸ್, ಎರಡು ತುಂಡು, 1,400. ಎಷ್ಟು ಪ್ರೆಶರ್ ತಡೆಯುತ್ತದೆ ಅಂತ ಕೇಳಿದೆ, ಎಷ್ಟು ಬಿಸಿ ತಡೆಯುತ್ತದೆ ಅಂತ ಕೇಳಲಿಲ್ಲ. ಇದರ ಕಥೆ ನವೆಂಬರ್‌ನಲ್ಲಿದೆ.

ಕೂಲರನ್ನು ರೇಡಿಯೇಟರ್ ಎದುರಿಗೇ ಕೂರಿಸಿದೆ. ಬ್ರಾಕೆಟ್ ಸುಲಭ, ಹೋಸ್ ಗಿಡ್ಡ, ಅದಕ್ಕೇ. ಆಯಿಲನ್ನೂ 5ಡಬ್ಲ್ಯೂ-40 ಸಿಂಥೆಟಿಕ್‌ಗೆ ಬದಲಿಸಿದೆ. ಹೋಸ್ ಮತ್ತು ಕೂಲರ್ ಕುಡಿದದ್ದು 600 ಎಂಎಲ್ ಜಾಸ್ತಿ. ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ಹತ್ತದ ಹಾಗೆ ಪ್ಲಗ್ ವೈರ್ ಬಿಚ್ಚಿ, ಪ್ರೆಶರ್ ಮೀಟರ್ ಏಳುವವರೆಗೆ ಸ್ಟಾರ್ಟರ್ ಹೊಡೆದೆ. ಥರ್ಮೋಸ್ಟಾಟ್ ತೆರೆಯುವವರೆಗೆ ಕೂಲರ್ ಪೂರ್ತಿ ತುಂಬುವುದಿಲ್ಲ, ಹಾಗಾಗಿ ಒಮ್ಮೆ ಬಿಸಿ ಮಾಡಿ, ಆರಿಸಿ, ಮತ್ತೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಬೇಕು. ಮೊದಲ ಸಲ ಸರಿಯಾಗಿದ್ದ ಮಟ್ಟ ಎರಡನೇ ಸಲ ಕೆಳಗಿನ ಗೆರೆಗೆ ಇಳಿದಿತ್ತು.

ಜೂನ್ 16. ಅರ್ಧ ಗೆಲುವು

ಕರಿ, 31 ಡಿಗ್ರಿ, ಒಳ್ಳೆ ಗಾಳಿ. ಆಯಿಲ್ 113! ಖುಷಿಯಲ್ಲಿ ಕೂಲೆಂಟ್ ನೋಡುವುದನ್ನೇ ಮರೆತಿದ್ದೆ. 108. ಏಪ್ರಿಲ್‌ಗಿಂತ ಆರು ಡಿಗ್ರಿ ತಂಪಾದ ದಿನದಲ್ಲಿ ಏಳು ಡಿಗ್ರಿ ಜಾಸ್ತಿ. ಆಯಿಲ್ ಕಳಕೊಂಡ ಬಿಸಿಯನ್ನೆಲ್ಲ ಹಿಂದಿನ ರೇಡಿಯೇಟರ್‌ಗೆ ಊದುತ್ತಿದ್ದೆ.

ವಾಪಸ್ ಬರುವಾಗ ಸತ್ಯಮಂಗಲದಿಂದ ದಿಂಬಂ ಘಾಟಿ. 27 ಹೇರ್‌ಪಿನ್, ಮುಂದೆ ಲೋಡ್ ಲಾರಿ. ಏಸಿ ಆಫ್ ಮಾಡಿದರೂ ಕೂಲೆಂಟ್ 106. ಹಾಸನೂರು ಹತ್ತಿರ ನಿಲ್ಲಿಸಿ ಟೀ ಕುಡಿದು, ಜಾಗ ಬದಲಿಸಲೇಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಜುಲೈ 14. ಜಾಗ ಬದಲು

ಬಂಪರಿನ ಕೆಳಬಾಯಿಯ ಎಡಮೂಲೆ, ಫಾಗ್ ಲ್ಯಾಂಪ್ ಜಾಗ. ಲ್ಯಾಂಪ್ ತೆಗೆದು ಕೂಲರನ್ನು ಓರೆಯಾಗಿ ನಿಲ್ಲಿಸಿದೆ. ಬ್ರಾಕೆಟ್ ವೆಲ್ಡಿಂಗ್ 600. ಗಾಳಿ ಒಳಗೆ ಬರಲು ದಾರಿ ಇದ್ದರೆ ಸಾಲದು, ಹೊರಗೆ ಹೋಗಲೂ ಬೇಕು. ಕೂಲರ್ ಹಿಂದೆ ಚಕ್ರದ ಮುಂದಿನ ಪ್ಲಾಸ್ಟಿಕ್ ಲೈನರ್‌ನಲ್ಲಿ 100 ಎಂಎಂ ಅಗಲ, 150 ಎಂಎಂ ಎತ್ತರದ ಕಿಟಕಿ ಕತ್ತರಿಸಿ, ಕಲ್ಲು ತಾಗದ ಹಾಗೆ ಒಳಗಿಂದ ಜಾಲರಿ ಹಾಕಿದೆ. ಮುಂದಿನಿಂದ ಕೂಲರ್‌ವರೆಗೆ ಅದೇ ಅಲ್ಯೂಮಿನಿಯಂ ಶೀಟಿನ ಡಬ್ಬ, ಅದೇ ಫೋಮ್. ಕೂಲರ್ ಎದುರಿಗೂ ಜಾಲರಿ, ನಮ್ಮ ರಸ್ತೆಯಲ್ಲಿ ಇದು ಬೇಕೇಬೇಕು.

ಸೆಪ್ಟೆಂಬರ್ 15. ಕರಿ, 33 ಡಿಗ್ರಿ

ಫೆಬ್ರವರಿಯಷ್ಟೇ ಬಿಸಿಲು, ಹಾಗಾಗಿ ಹೋಲಿಕೆ ಸರಿಯಾದದ್ದು. ಈ ಸಲ 8 ಅಲ್ಲ, 12 ಸುತ್ತು. ಕೂಲೆಂಟ್ 98, ಆಯಿಲ್ 116. ಐದನೇ ಸುತ್ತಿಗೆ ಆ ಅಂಕಿಗೆ ಬಂದು ಕೊನೆವರೆಗೂ ಅಲ್ಲೇ ನಿಂತವು. 3 ಸಾವಿರಕ್ಕೆ ಪ್ರೆಶರ್ 3.3 ಬಾರ್. ಇದರಲ್ಲಿ ಸ್ವಲ್ಪ ಪಾಲು ದಪ್ಪ ಆಯಿಲ್‌ನದೂ ಹೌದು. ಕೊನೆಯ ಒಂದು ಸುತ್ತು ಮೇಲಿನ ಗೇರಲ್ಲಿ ನಿಧಾನ ಬಂದೆ, ಪಿಟ್‌ನಲ್ಲಿ ಎರಡು ನಿಮಿಷ ಐಡಲ್ ಬಿಟ್ಟೆ, ಬಾನೆಟ್ ಎತ್ತಿದೆ. ಆಫ್ ಮಾಡಿದ ಮೇಲೆ ಕೂಲೆಂಟ್ ಎರಡೇ ಡಿಗ್ರಿ ಏರಿ ಇಳಿಯಿತು. ಜನವರಿಯ ಸುಟ್ಟ ಗುರುತು ಇರುವ ಕೈಯಲ್ಲೇ ಈ ಅಂಕಿ ಬರೆದುಕೊಂಡೆ.

ನವೆಂಬರ್ 10. ಹೋಸ್

ಬೆಳಗ್ಗೆ ಕಾರಿನ ಕೆಳಗೆ ಕಾಸಿನಗಲ ಆಯಿಲ್. ಒಂದು ಹೋಸ್ ಕ್ರಿಂಪ್ ಹತ್ತಿರ ಜಿನುಗುತ್ತಿದೆ. ಕೈಯಲ್ಲಿ ಬಗ್ಗಿಸಿದರೆ ರಬ್ಬರ್ ಗಟ್ಟಿ, ಮೇಲೆ ಸಣ್ಣ ಬಿರುಕು. ಆ ಹೋಸಿನ ಕೆಟಲಾಗ್ ತೆಗೆದು ನೋಡಿದೆ: 100 ಡಿಗ್ರಿವರೆಗೆ. ನಾನು 116 ಓಡಿಸುತ್ತಿದ್ದೆ. 200 ಬಾರ್ ತಡೆಯುವ ಹೋಸ್ ತಂದು ಬೀಗಿದ್ದೆ, ಇಲ್ಲಿ ಬೇಕಾಗಿದ್ದದ್ದು 6 ಬಾರ್ ಮತ್ತು ಬಿಸಿ ತಡೆಯುವ ಶಕ್ತಿ. ಇದು ಟ್ರ್ಯಾಕ್ ಮೇಲೆ ಒಡೆದಿದ್ದರೆ ಹಿಂದೆ ಬರುವ ಕಾರಿನ ಚಕ್ರದ ಕೆಳಗೆ ನನ್ನ ಆಯಿಲ್ ಇರುತ್ತಿತ್ತು. ಹತ್ತು ತಿಂಗಳಲ್ಲಿ ಮಾಡಿದ ತಪ್ಪುಗಳಲ್ಲಿ ನನ್ನನ್ನು ಹೆದರಿಸಿದ್ದು ಇದೊಂದೇ.

150 ಡಿಗ್ರಿ ತಡೆಯುವ ಹೋಸ್ ಹುಡುಕಿ ಅದೇ ಅಂಗಡಿಯಲ್ಲಿ ಕ್ರಿಂಪ್ ಮಾಡಿಸಿದೆ, 2,000. ಬಂಪರ್ ಅಂಚಿಗೆ ತಾಗುವ ಕಡೆ ಮೇಲೊಂದು ರಬ್ಬರ್ ತೋಳು.

ಈವರೆಗಿನ ಖರ್ಚು, ಮೂರು ಸಲದ ಆಯಿಲ್, ಎರಡು ಸಲದ ಕೂಲೆಂಟ್ ಸೇರಿ 48,970. ಅದರಲ್ಲಿ ತಪ್ಪು ಪ್ಲೇಟ್, ಡ್ರೇನ್ ಬೋಲ್ಟ್ ಅಡಾಪ್ಟರ್, ಮೊದಲ ಹೋಸ್ ಸೇರಿ 3,750 ನೀರಿಗೆ ಹೋಯಿತು.

ಬಾಕಿ ಇರುವುದು ಒಂದು. ಚಳಿಯ ಬೆಳಗ್ಗೆ ಬೆಂಗಳೂರು ಹೆದ್ದಾರಿಯಲ್ಲಿ 100ರ ವೇಗಕ್ಕೆ ಆಯಿಲ್ 74 ದಾಟುತ್ತಿಲ್ಲ. ಪ್ಲೇಟಿನ ಥರ್ಮೋಸ್ಟಾಟ್ ಮುಚ್ಚಿದ್ದಾಗಲೂ ಸ್ವಲ್ಪ ಆಯಿಲ್ ಕೂಲರ್‌ಗೆ ಹೋಗುತ್ತಲೇ ಇರುತ್ತದೆ. ಕೂಲರ್ ಎದುರಿಗೆ ಅರ್ಧ ಮುಚ್ಚುವ ತಗಡು ಕತ್ತರಿಸಿದ್ದೇನೆ, ಎರಡು ಚಿಟ್ಟೆ ನಟ್ಟು, ಕೈಯಲ್ಲೇ ಬಿಚ್ಚಬಹುದು. ನಿನ್ನೆ ಹಾಕಿಕೊಂಡು ಮದ್ದೂರಿನವರೆಗೆ ಹೋಗಿ ಬಂದೆ: 86.